ಬೀಸುಕಲ್ಲಿನ ಒಗಟು

ನನ್ನ ತವರು ಸವಣೂರಿನ ಹತ್ತಿರದ ಒಂದು ಹಳ್ಳಿ; ಕೊಟ್ಟದ್ದು ಹಿರೇಕೆರೂರಿಗೆ. ಚಿಕ್ಕಂದಿನಲ್ಲಿ ನಸುಕಿಗೆ ಕಣ್ಣು ಬಿಟ್ಟರೆ ಅವ್ವನ ಬೀಸುಕಲ್ಲಿನ ಸದ್ದು, ಜೊತೆಗೆ ಶರೀಫಜ್ಜನ ಹಾಡು. ಕೋಳಿ ಕೋಡಗವನ್ನು ನುಂಗುವ ಹಾಡೆಂದರೆ ನಮಗೆಲ್ಲ ನಗುವೋ ನಗು. ಅದರಲ್ಲಿ ಆಡು ಆನೆಯನ್ನು ನುಂಗುತ್ತದೆ, ಬೀಸುಕಲ್ಲು ತನ್ನ ಗೂಟವನ್ನೇ ನುಂಗುತ್ತದೆ. ಕುಟ್ಟಲು ಬಂದ ಮುದುಕಿಯನ್ನು ನೊಣವೊಂದು ನುಂಗಿಬಿಡುತ್ತದೆ!

“ಯವ್ವಾ, ಇದರ ಅರ್ಥ ಏನಬೇ?” ಎಂದರೆ, “ಬೀಸೂದು ಮುಗೀಲಿ ತಡಿ, ಹೇಳತೇನಿ” ಎನ್ನುತ್ತಿದ್ದಳು. ಬೀಸುವುದು ಮುಗಿಯುತ್ತಲೇ ಇರಲಿಲ್ಲ.

ಕಾಲೇಜಿನಲ್ಲಿ ಅರ್ಥ ಸಿಕ್ಕಿತು. ಇದು ವಚನಕಾರರ ಬೆಡಗಿನ ದಾರಿ. ಕೋಡಗವೆಂದರೆ ಚಂಚಲ ಮನಸ್ಸು, ಆನೆಯೆಂದರೆ ಅಹಂಕಾರ ಎಂದು ತಿಳಿದವರು ಬಿಡಿಸುತ್ತಾರೆ. ಶಿಗ್ಗಾವಿ ತಾಲ್ಲೂಕಿನ ಶಿಶುನಾಳದ ಶರೀಫರು (1819–1889) ಮುಸಲ್ಮಾನರು; ಗುರು, ಕಳಸದ ಗೋವಿಂದ ಭಟ್ಟರು, ಬ್ರಾಹ್ಮಣರು. ಹಾಡಿನ ಕೊನೆಗೆ ಆ ಗುರುವಿನ ಪಾದ ಹಾಡುವವನನ್ನೇ ನುಂಗುತ್ತದೆ. ಇಡೀ ಒಗಟಿನ ಬೀಗದ ಕೈ ಅಲ್ಲಿದೆ. ಜಂಬದಿಂದ ಅವ್ವನಿಗೆ ಇದನ್ನೆಲ್ಲ ಹೇಳಿದೆ. “ಹೌದೇನವಾ? ಚಲೋ ಆತು” ಎಂದು ನಕ್ಕು ರೊಟ್ಟಿ ಬಡಿದಳು.

1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಸಿನಿಮಾ ಬಂದಿತು. ಸಿ. ಅಶ್ವತ್ಥರ ದನಿಯಲ್ಲಿ ಶರೀಫರ ಹಾಡುಗಳು ಕ್ಯಾಸೆಟ್ಟಿನಲ್ಲಿ ಮನೆಮನೆಗೂ ಬಂದವು. ಅವ್ವನ ಬೀಸುಕಲ್ಲು ಅಷ್ಟರಲ್ಲಿ ಹಿತ್ತಲು ಸೇರಿತ್ತು.

ಹೋದ ಮಳೆಗಾಲ ಹಾನಗಲ್ಲಿನಲ್ಲಿ ಬಸ್ಸು ಬದಲಿಸಿ ತವರಿಗೆ ಹೋದೆ. ಅವ್ವನಿಗೆ ಈಗ ಮರೆವು. ನನ್ನನ್ನೇ ದಿಟ್ಟಿಸಿ, “ಯಾವೂರ್ರಿ ನಿಮ್ಮದು?” ಎಂದು ಕೇಳಿದಳು. ಹೆತ್ತ ತಾಯಿಯಿಂದ ಬಹುವಚನ! ಎದೆ ಧಸಕ್ಕೆಂದಿತು.

ಸಂಜೆ ಅವಳು ಹಾಡತೊಡಗಿದಳು. ಮಗಳ ಹೆಸರು ಮರೆತವಳಿಗೆ ಹಾಡಿನ ಒಂದು ಪದವೂ ತಪ್ಪಲಿಲ್ಲ. ಮುದುಕಿಯ ಸಾಲಿಗೆ ಬಂದಾಗ ನನಗೆ ತಡೆಯಲಾಗಲಿಲ್ಲ. ಕೋಡಗಕ್ಕೆ, ಆನೆಗೆ ಅರ್ಥ ಹುಡುಕಿದ್ದೆ. ಕುಟ್ಟಲು ಬಂದ ಮುದುಕಿ ಯಾರೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಇದೀಗ ಅವಳು ನನ್ನೆದುರೇ ಕುಳಿತಿದ್ದಳು. ಕುಟ್ಟಿ, ಬೀಸಿ ನಮ್ಮನ್ನು ಬೆಳೆಸಿದವಳನ್ನು ನೊಣದಷ್ಟು ಸಣ್ಣದೇನೋ ಸದ್ದಿಲ್ಲದೆ ನುಂಗುತ್ತಿತ್ತು.

ಅವ್ವ ಮಾತ್ರ ನಿಲ್ಲಲಿಲ್ಲ. ಗುರುವಿನ ಪಾದದವರೆಗೂ ಹಾಡಿ, ಕಣ್ಣು ಮುಚ್ಚಿ ಕೈ ಮುಗಿದಳು. ಆ ಮುಖದಲ್ಲಿ ಅಂಜಿಕೆ ಇರಲಿಲ್ಲ. ಅಂಜಿಕೆ ಇದ್ದದ್ದು ನನಗೆ.

ಕಣ್ಣೊರೆಸಿಕೊಂಡು ಮೆಲ್ಲಗೆ ಕೇಳಿದೆ: “ಈ ಹಾಡಿನ ಅರ್ಥ ಏನ್ರಿ?”

ಅವಳ ಬಲಗೈ ಬರಿಯ ಗಾಳಿಯಲ್ಲಿ ಸುತ್ತತೊಡಗಿತು. “ಬೀಸೂದು ಮುಗೀಲಿ ತಡೀರಿ, ಹೇಳತೇನಿ” ಎಂದಳು.