ನಾಳೆ, ಇನ್‌ಶಾ ಅಲ್ಲಾಹ್

ಇಶಾ ನಮಾಝ್ ಮುಗಿಸಿ, ಅಡುಗೆಮನೆ ಒರೆಸಿ, 'ಐದೇ ನಿಮಿಷ' ಎಂದು ಮೊಬೈಲ್ ಹಿಡಿದು ಕೂರುವವರಲ್ಲಿ ನೀವೂ ಒಬ್ಬರೇ? ಹಾಗಾದರೆ ನಾವಿಬ್ಬರೂ ಒಂದೇ ಸಾಲಿನವರು.

ಧಾರಾವಾಹಿ ನೋಡುವವರಿಗೆ ಉಪದೇಶ ಮಾಡುವವಳು ನಾನು. ನಾನು ನೋಡುವುದು ಬೆಕ್ಕಿನ ಮರಿಗಳನ್ನು, ಕೆಸರಿನಲ್ಲಿ ಜಾರಿ ಬಿದ್ದು ತಾಯಿಯ ಕಾಲ ಸಂದಿಗೆ ಓಡುವ ಆನೆಮರಿಯನ್ನು. ಇದರಲ್ಲಿ ತಪ್ಪೇನಿದೆ? ಅಬೂ ಹುರೈರಾ(ರ) ಎಂಬ ಹೆಸರಿನ ಅರ್ಥವೇ ಬೆಕ್ಕಿನ ಮರಿಯ ತಂದೆ ಎಂದಲ್ಲವೇ ಎಂದು ಒಮ್ಮೆ ಯಜಮಾನರಿಗೆ ಪಾಠವನ್ನೂ ಹೇಳಿದ್ದೆ. "ಅವರು ಬೆಕ್ಕು ಸಾಕಿದ್ದರು. ನೀನು ಬೆರಳಿನಿಂದ ತಳ್ಳುತ್ತಿದ್ದೀಯ" ಎಂದು ಅವರು ಮಗ್ಗುಲು ಬದಲಿಸಿದರು.

ಯೂಟ್ಯೂಬಿಗೆ ಹಾಕಿದ ಮೊತ್ತಮೊದಲ ವಿಡಿಯೋದಲ್ಲೂ ಆನೆಗಳಿವೆ. 2005ರ ಏಪ್ರಿಲ್ 23ರಂದು ಅದರ ಸ್ಥಾಪಕರಲ್ಲೊಬ್ಬರಾದ ಜಾವೇದ್ ಕರೀಮ್ ಹಾಕಿದ್ದು. ಅಮೆರಿಕದ ಸ್ಯಾನ್ ಡಿಯಾಗೋ ಮೃಗಾಲಯದಲ್ಲಿ ಆನೆಗಳ ಮುಂದೆ ನಿಂತು ಅವುಗಳ ಸೊಂಡಿಲು ಬಹಳ ಉದ್ದ ಎನ್ನುತ್ತಾರೆ, ಅಷ್ಟೇ. 19 ಸೆಕೆಂಡಿಗೆ ಮುಗಿಯುತ್ತದೆ. ಈಗಿನದು ಮುಗಿಯುವುದೇ ಇಲ್ಲ. ಬೆರಳಾಡಿಸಿದಷ್ಟೂ ಹೊಸದು ಬರುತ್ತಲೇ ಇರುವ ವಿಧಾನವನ್ನು 2006ರಲ್ಲಿ ರೂಪಿಸಿದ ಅಜಾ ರಾಸ್ಕಿನ್ ಎಂಬವರು ಮುಂದೆ ಅದಕ್ಕಾಗಿ ಪಶ್ಚಾತ್ತಾಪ ಪಟ್ಟರು. ಪುಸ್ತಕಕ್ಕೆ ಕೊನೆಯ ಪುಟವಿದೆ, ಪಾತ್ರೆಗೆ ತಳವಿದೆ. ಇದಕ್ಕೆ ಎರಡೂ ಇಲ್ಲ.

2015ರಲ್ಲಿ ಇಂಡಿಯಾನಾ ವಿಶ್ವವಿದ್ಯಾನಿಲಯದ ಜೆಸಿಕಾ ಮೈರಿಕ್ ಎಂಬವರು ಸುಮಾರು 7,000 ಜನರನ್ನು ಬೆಕ್ಕಿನ ವಿಡಿಯೋಗಳ ಬಗ್ಗೆ ವಿಚಾರಿಸಿದ್ದರು. ನೋಡಿದ ಮೇಲೆ ಉತ್ಸಾಹ ಹೆಚ್ಚಿತು, ಆತಂಕ ಕಡಿಮೆಯಾಯಿತು ಎಂದು ಜನ ಹೇಳಿದರು. ಕೆಲಸ ಮುಂದೂಡಿ ನೋಡಿದವರಲ್ಲೂ ಅಪರಾಧಿ ಭಾವನೆಗಿಂತ ಸಂತೋಷವೇ ಮೇಲಾಗಿತ್ತಂತೆ. ಇದನ್ನು ಓದಿದ ಖುಷಿಗೆ ನಾನು ಇನ್ನೂ ನಾಲ್ಕು ವಿಡಿಯೋ ನೋಡಿದೆ! ಆದರೆ ಅವರು ವಿಚಾರಿಸಿದ್ದು ನೋಡುವವರನ್ನು. ಆ ಹೊತ್ತಿನಲ್ಲಿ ನಮಗಾಗಿ ಕಾಯುತ್ತಿದ್ದವರನ್ನಲ್ಲ.

ಕಳೆದ ವರ್ಷ ಹಿರಿಯೂರಿನಿಂದ ನನ್ನ ಹಳೆಯ ವಿದ್ಯಾರ್ಥಿನಿಯ ತಾಯಿ ಫೋನ್ ಮಾಡಿದರು. ಹುಡುಗಿ ಪಿಯುಸಿಯಲ್ಲಿ ಪ್ರಥಮ ದರ್ಜೆ. ಕಾಲೇಜಿಗೆ ಕಳಿಸಲು ತಂದೆಗೆ ಮನಸ್ಸಿಲ್ಲ. "ಆಪಾ, ನೀವು ಮದ್ರಸದಲ್ಲೂ ಓದಿದವರು, ಬಿ.ಎ.ಯೂ ಮಾಡಿದವರು. ನಿಮ್ಮ ಮಾತಾದರೆ ಕೇಳುತ್ತಾರೆ. ಒಮ್ಮೆ ಬಂದು ಹೇಳಿ" ಎಂದರು.

"ನಾಳೆ ಬರ್ತೀನಿ, ಇನ್‌ಶಾ ಅಲ್ಲಾಹ್" ಎಂದೆ.

ಚಿತ್ರದುರ್ಗದಿಂದ ಹಿರಿಯೂರು ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ದೂರ ನನ್ನನ್ನು ತಡೆಯಲಿಲ್ಲ. ಆತ ಒರಟು ಮನುಷ್ಯ ಎಂದು ಕೇಳಿದ್ದೆ. ಎದುರು ಮಾತನಾಡಿ ಮುಖಭಂಗವಾದರೆ? ಅದು ನೆನಪಾದಾಗಲೆಲ್ಲ ಕೈ ಮೊಬೈಲಿಗೆ ಹೋಗುತ್ತಿತ್ತು. ಮರಿಗಳು ಎಂದೂ ಎದುರುತ್ತರ ಕೊಡುವುದಿಲ್ಲವಲ್ಲ! ನಾಳೆ ಮಾಡುತ್ತೇನೆ ಎನ್ನುವಾಗ ಅಲ್ಲಾಹನು ಇಚ್ಛಿಸಿದರೆ ಎಂದು ಸೇರಿಸಬೇಕೆಂಬ ಸೂರಃ ಅಲ್ ಕಹ್ಫ್‌ನ ಪಾಠವನ್ನು ಮಕ್ಕಳಿಗೆ ಹೇಳಿಕೊಡುವವಳು ನಾನೇ. ಅದೇ ಪವಿತ್ರ ಮಾತನ್ನು ನೆಪವಾಗಿ ಬಳಸುತ್ತಾ ಮೂರು ವಾರ ಕಳೆದೆ.

ನಾನು ಹೋದದ್ದು ಸೋಮವಾರ. ಪ್ರವೇಶ ಶನಿವಾರಕ್ಕೇ ಮುಗಿದಿತ್ತು.

ಹುಡುಗಿಯ ತಂದೆ ಒರಟರೇ ಅಲ್ಲ. ಕುರ್ಚಿ ಒರೆಸಿ ಕೊಟ್ಟರು, ಚಹಾ ತರಿಸಿದರು. "ಆಪಾ ಬರ್ತಾರೆ, ಆಪಾ ಬರ್ತಾರೆ ಅಂತ ಇವರು ಹೇಳ್ತಾನೇ ಇದ್ದರು. ನೀವು ಬರಲಿಲ್ಲ. ಓದಿದವರಿಗೇ ಅವಸರ ಇಲ್ಲ ಅಂದ್ರೆ ಅಷ್ಟೇನೂ ಅಗತ್ಯದ ವಿಷಯ ಅಲ್ಲ ಅಂದುಕೊಂಡೆ" ಎಂದರು. ಅವರ ಧ್ವನಿಯಲ್ಲಿ ಕೋಪವಿರಲಿಲ್ಲ. ನಾನು ತಡವರಿಸಿ, ಮುಂದಿನ ವರ್ಷವಾದರೂ ಕಳಿಸಿ ಎಂದು ಕೇಳಿಕೊಂಡೆ. ಅವರು ತಲೆಯಾಡಿಸಿದರು.

"ನೋಡೋಣ. ಇನ್‌ಶಾ ಅಲ್ಲಾಹ್."

ಹೊರಡುವಾಗ ಅಂಗಳದಲ್ಲಿ ಹುಡುಗಿ ಎರಡು ದಿನದ ಮೇಕೆಮರಿಯನ್ನು ಎದೆಗವಚಿಕೊಂಡು ನಿಂತಿದ್ದಳು. ಕೆಳಗಿಳಿಸಿದೊಡನೆ ಅದು ಕುಪ್ಪಳಿಸಿ ಬಂದು ನನ್ನ ಬುರ್ಖಾದ ಅಂಚನ್ನು ಬಾಯಿಗೆ ಹಾಕಿಕೊಂಡಿತು.

"ವಿಡಿಯೋ ತೆಗೀರಿ ಆಪಾ" ಎಂದು ನಕ್ಕಳು. "ನಿಮಗೆ ಇವೆಲ್ಲ ಇಷ್ಟ ಅಂತ ಗೊತ್ತು. ದಿನಾ ರಾತ್ರಿ ನೀವು ಹಾಕೋ ಸ್ಟೇಟಸ್ ನೋಡ್ತಿದ್ದೆ."

ನನ್ನ ಮೊಬೈಲ್ ಚೀಲದಲ್ಲೇ ಉಳಿಯಿತು.