ಬಿಳಿಮೀನಿನ ಪಾಲಿನ ನೀರು

ನಮ್ಮಪ್ಪ ಕಳ್ಳ. ಹಾಗಂತ ಊರಿನವರು ಹೇಳುತ್ತಿದ್ದರು, ಗಾರ್ಡೂ ಹೇಳುತ್ತಿದ್ದ. ಶಿವನಸಮುದ್ರದಿಂದ ಕೆಳಗೆ, ಕಾವೇರಿ ಕಾಡಿಗೆ ನುಗ್ಗುವ ಕಡೆ ನಮ್ಮ ಕೇರಿ. ತುಂಡು ಭೂಮಿಯಿಲ್ಲ. ಕೂಲಿ ಸಿಗದ ದಿನ ಅಪ್ಪ ರಾತ್ರಿ ಹೊಳೆಗೆ ಇಳಿಯುತ್ತಿದ್ದ. ಅವನು ತಂದ ಬಿಳಿಮೀನಿನ ಸಾರು ಉಂಡೇ ನಾನು ಹೈಸ್ಕೂಲು ದಾಟಿದೆ. ಕೆಲವು ಸಲ ಬಲೆ, ಕೆಲವು ಸಲ ಸಿಡಿಮದ್ದು. ಮದ್ದು ಹಾಕಿದರೆ ದೊಡ್ಡದರ ಜೊತೆ ಮರಿಯೂ ಸಾಯುತ್ತದೆ. ಇದನ್ನು ಮುಚ್ಚಿಟ್ಟು ನಾನು ಬರೆಯಲಾರೆ.

ನಾನು ಚಿಕ್ಕವನಿದ್ದಾಗ ಅದೇ ಹೊಳೆಗೆ ಪಟ್ಟಣದವರು ದುಡ್ಡು ಕಟ್ಟಿ ಬಂದು ಗಾಳ ಹಾಕುತ್ತಿದ್ದರು. ಮೀನನ್ನು ಎತ್ತಿಹಿಡಿದು ಫೋಟೋ ತೆಗೆಸಿ ನೀರಿಗೆ ಬಿಡುತ್ತಿದ್ದರು. ಅವರದು ಆಟ, ನಮ್ಮದು ಕಳ್ಳತನ. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಗಾಳಕ್ಕೆ ಬಿದ್ದ 120 ಪೌಂಡಿನ ಮೀನು ದಾಖಲೆಗೆ ಸೇರಿತು. ಹೊಟ್ಟೆಪಾಡಿಗೆ ಹಿಡಿದವರ ಮೀನನ್ನು ಯಾರು ತೂಗಿದರು?

ಬಿಎಸ್ಸಿ ಮುಗಿಸಿ ಕೆಲಸವಿಲ್ಲದೆ ಅಲೆಯುವಾಗ, ಹೊಳೆ ಅಳೆಯಲು ಬಂದ ತಂಡದೊಂದಿಗೆ ದಿನಗೂಲಿಗೆ ಸೇರಿದೆ. ನೀರಿನ ಆಳ, ವೇಗ, ಬಿಸಿ, ತಳದ ಕಲ್ಲಿನ ಗಾತ್ರ ಬರೆದುಕೊಳ್ಳುವ ಕೆಲಸ. ಅಪ್ಪ ನಕ್ಕ:

"ಕೋಲ್ನಲ್ಲಿ ಏನ್ಲಾ ಅಳೀತಿಯ ಮಗ? ಮುಂಗಾರ್ನಲ್ಲಿ ಹೊಸ ನೀರು ಬಂದ್ರ ಬಿಳಿಮೀನು ಮೇಲಕ್ಕ ಹತ್ತುತದ. ನೀರು ಓಡೋ ಕಡ, ಗುಂಡ್ಕಲ್ಲ ಮ್ಯಾಲ ಮೊಟ್ಟ ಇಡ್ತದ. ಮರಿಗೊಳು ದಡದ ತೆಳ್ನೀರ್ಗ ಬತ್ತವ."

ಪುಸ್ತಕ ಹೇಳುವುದೂ ಇದನ್ನೇ. ಹೊಳೆ ಏರುವುದೇ ಮೀನಿಗೆ ಕರೆ. ಹರಿಯುವ ನೀರು ಕಲ್ಲುಸಂದಿಯ ಹೂಳು ತೊಳೆದರೆ ಮೊಟ್ಟೆಗೆ ಉಸಿರು. ಆಮೇಲೆ ನೀರು ಮೆಲ್ಲಗೆ ಇಳಿದರೆ ಮರಿಗೆ ಜೀವ. ಆದರೆ ಕಟ್ಟೆಗಳ ನಡುವೆ ಸಿಕ್ಕ ಹೊಳೆ ಮಳೆಯ ಮಾತಿಗಿಂತ ಗೇಟಿನ ಮಾತನ್ನೇ ಹೆಚ್ಚು ಕೇಳುತ್ತದೆ. ಶಿವನಸಮುದ್ರದಲ್ಲಿ 1902ರಿಂದ ಕರೆಂಟು. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಯಿತು. ಕೆಳಗೆ ಮೆಟ್ಟೂರು 1934ರಲ್ಲಿ ಮುಗಿಯಿತು.

ಒಂದು ಬೆಳಿಗ್ಗೆ ಮೊಣಕಾಲುದ್ದ ಇದ್ದ ನೀರು ಮಧ್ಯಾಹ್ನದ ಹೊತ್ತಿಗೆ ಸರಿದುಹೋಗಿತ್ತು. ದಡದ ಗುಂಡಿಯೊಂದರಲ್ಲಿ ನೂರಾರು ಮರಿ ಸಿಕ್ಕಿಕೊಂಡು ಬಾಯಿ ಬಿಡುತ್ತಿದ್ದವು. ತಂಡದವರು ಲೆಕ್ಕ ಬರೆದುಕೊಂಡರು. ಬುತ್ತಿ ತಂದಿದ್ದ ಅಪ್ಪ ಹೆಗಲ ಟವೆಲು ತೆಗೆದು ಮರಿಗಳನ್ನು ಬಾಚಿ ಬಾಚಿ ಹೊಳೆಗೆ ಬಿಟ್ಟ. ಯಾವ ಜಾತಿ ಮೀನು ಅಂತ ಅವನು ಕೇಳಲಿಲ್ಲ. ಮದ್ದು ಹಾಕಿದ್ದ ಕೈಯೇ ಅದು. ನನ್ನ ಗಂಟಲು ಕಟ್ಟಿತು.

ಗೂನುಬೆನ್ನಿನ, ಕಿತ್ತಳೆ ರೆಕ್ಕೆಯ ಈ ಬಿಳಿಮೀನು ಲೋಕದಲ್ಲಿ ಇರುವುದು ಕಾವೇರಿ ಸೀಮೆಯಲ್ಲಿ ಮಾತ್ರ. ನಮ್ಮವರು ಹೆಸರಿಟ್ಟು ಕರೆಯುತ್ತಿದ್ದರೂ ವಿಜ್ಞಾನದಲ್ಲಿ ಅದಕ್ಕೆ ಸರಿಯಾದ ಹೆಸರು ಸಿಕ್ಕಿದ್ದು 2018ರಲ್ಲಿ. ಕೇರಳದ ಪಾಂಬಾರ್ ಹೊಳೆಯ ಟೋರ್ ರೆಮಾದೇವಿಯೇ ಇದು ಎಂದು ಆಗ ಗೊತ್ತಾಯಿತು. ಅದೇ ವರ್ಷ ಅಳಿವಿನ ಅಂಚಿನ ಪಟ್ಟಿಗೂ ಸೇರಿತು. ಹೆಸರು ಸಿಗುವ ಹೊತ್ತಿಗೆ ಸಾವು ಬಾಗಿಲಲ್ಲಿ. ಕಟ್ಟೆಯೊಂದೇ ಕಾರಣವಲ್ಲ. ಮರಳು ತೆಗೆದವರಿದ್ದಾರೆ, ಮದ್ದು ಹಾಕಿದ ನಾವಿದ್ದೇವೆ. ಮೀನು ಉಳಿಸುತ್ತೇವೆಂದು ಹೊರಗಿನ ನೀಲಿರೆಕ್ಕೆಯ ಮೀನಿನ ಮರಿಗಳನ್ನು ತಂದು ಬಿಟ್ಟವರೂ ಇದ್ದಾರೆ. ಹೊಳೆಯಲ್ಲಿ ಅದು ಹೆಚ್ಚಿತು, ಇದು ಕಡಿಮೆಯಾಯಿತು.

ಒಂದು ಸಂಜೆ ಅಪ್ಪನಿಗೆ ಕಾವೇರಿ ತೀರ್ಪು ಓದಿ ಹೇಳಿದೆ. 2007ರಲ್ಲಿ ನ್ಯಾಯಮಂಡಳಿ 740 ಟಿಎಂಸಿ ನೀರನ್ನು ಹಂಚಿತು. ನಾಲ್ಕು ಸೀಮೆಗೂ ಪಾಲು ಕೊಟ್ಟು, ಪರಿಸರಕ್ಕೆಂದು 10 ಟಿಎಂಸಿ ಇಟ್ಟಿತು. 2018ರಲ್ಲಿ ಸುಪ್ರೀಂ ಕೋರ್ಟು ರಾಜ್ಯಗಳ ಪಾಲು ಬದಲಿಸಿತು. ಆ 10 ಹಾಗೇ ಉಳಿಯಿತು.

ಅಪ್ಪ ಬೀಡಿ ಆರಿಸಿ ಕೇಳಿದ: "ಆ ಹತ್ತ ಯಾವ ತಿಂಗ್ಳು ಬುಡ್ತಾರಂತ್ಲಾ? ಮೊಟ್ಟ ಇಡೋ ಹೊತ್ಗ ಬುಡ್ದೆ ಇದ್ರ ಏನ್ ಬಂತು?"

ಪದವಿ ಪಡೆದ ನನಗೆ ಹೊಳೆಯದ ಪ್ರಶ್ನೆ ಇದು. ಎಷ್ಟು ನೀರು ಎಂಬುದರ ಮೇಲೆ ನಾವು ಬಸ್ಸು ಸುಟ್ಟೆವು, ಬಂದ್ ಮಾಡಿದೆವು. ಯಾವಾಗ, ಯಾವ ವೇಗದಲ್ಲಿ, ಯಾರಿಗಾಗಿ ಎಂದು ಕೇಳಲಿಲ್ಲ. ಕೆರೆ ನೀರು ಮುಟ್ಟಲು ಹೋರಾಡಬೇಕಾಗಿ ಬಂದ ಜನ ನಾವು. ಪಾಲು ಬರೆದಿಡುವುದೇ ಬೇರೆ, ಪಾಲು ಕೈಗೆ ಬರುವುದೇ ಬೇರೆ ಎಂಬುದು ನಮಗಲ್ಲದೆ ಇನ್ಯಾರಿಗೆ ಗೊತ್ತು?

ಗೆಳೆಯರೇ, ಮುಂದಿನ ಸಲ ಕಾವೇರಿ ಸಭೆ ಕರೆದಾಗ ನಮ್ಮಪ್ಪನಂಥವರಿಗೂ ಒಂದು ಕುರ್ಚಿ ಕೇಳೋಣ.