ನಕ್ಷೆಯಲ್ಲಿಲ್ಲದ ಅಂಗಡಿ

1905ರಲ್ಲಿ ಶಿಕಾಗೋ ನಗರದ ನಾಲ್ವರು ಮಿತ್ರರು ಸರದಿಯಂತೆ ಒಬ್ಬೊಬ್ಬರ ಕಚೇರಿಯಲ್ಲಿ ಕೂಡತೊಡಗಿದರು. ಆ ಸರದಿಯಿಂದಲೇ ‘ರೋಟರಿ’ಯೆಂಬ ಹೆಸರು ಬಂದಿತು. ಹಾನಗಲ್ಲಿನ ನಮ್ಮ ಸೇವಾಸಂಘವೂ ಹಾಗೆಯೇ ಮನೆಯಿಂದ ಮನೆಗೆ ತಿರುಗಿ, ಮೂರು ಸಭೆಗಳಲ್ಲಿ ಬೀದಿಜಾತ್ರೆಯ ನಕ್ಷೆಯನ್ನು ಸಿದ್ಧಪಡಿಸಿತು. ಬಡ ವಿದ್ಯಾರ್ಥಿಗಳಿಗಾಗಿ ಹಣ ಕೂಡಿಸುವುದೇ ಉದ್ದೇಶ.

ಕಾರ್ಯದರ್ಶಿಯಾದ ನಾನು ತಾರಕೇಶ್ವರ ಗುಡಿಯ ಕಡೆಯ ಬೀದಿಯನ್ನು ಅಳೆಯುತ್ತಿದ್ದೆನು. ನಿತ್ಯವೂ ಅಲ್ಲಿ ಸೊಪ್ಪು ಮಾರುವ ಮುದುಕಿಯು, “ಅವತ್ತ ನಾ ಎಲ್ಲಿ ಕುಂದರಲಿ, ಯಪ್ಪಾ?” ಎಂದಳು. ನಕ್ಷೆಯಲ್ಲಿ ಅದಕ್ಕೆ ಉತ್ತರವಿರಲಿಲ್ಲ, ನಾನೂ ಸುಮ್ಮನಾದೆನು.

ಅಂದಿನ ರಾತ್ರಿಯೇ ಸಭೆಯಲ್ಲಿ ಈ ಮಾತನ್ನೆತ್ತಿದೆನು. ಒಂದು ಅಂಗಡಿಯ ಬಾಡಿಗೆ ಹೋಗುವುದೆಂದು ಕೆಲವರು ಗೊಣಗಿದರು. ವಾದವು ಬೆಳೆಯಿತು. ಕಡೆಗೆ ಅಧ್ಯಕ್ಷರು ಸ್ವಾಗತಮಂಟಪವನ್ನು ಅಳಿಸಿ, ಅಲ್ಲಿ ಆಕೆಯ ಬುಟ್ಟಿಯನ್ನು ಬರೆದರು.

ಜಾತ್ರೆಯ ದಿನ ನಾನು ಮೊದಲು ಕೊಂಡದ್ದು ಅವಳ ಮೆಂತ್ಯದ ಸಿವುಡು. ಚೌಕಾಸಿ ಮಾಡುವ ಧೈರ್ಯ ನನಗಾಗಲಿಲ್ಲ.